ಬೆಚ್ಚಗಿನ ಕಡಲಿನಿಂದ ತಣ್ಣನೆಯ ಆಳಕ್ಕೆ

2023ರ ಫೆಬ್ರವರಿಯ ಒಂದು ರಾತ್ರಿ. ಇಶಾ ನಮಾಝ್ ಮುಗಿಸಿ ಮನೆಗೆ ಬಂದು ಮಕ್ಕಳ ಉತ್ತರ ಪತ್ರಿಕೆಗಳನ್ನು ಬಿಚ್ಚಿಕೊಂಡು ಕೂತಿದ್ದೆ. ಅಕ್ಕನ ಫೋನ್ ಬಂತು. ಅವಳು ಅಳುತ್ತಿದ್ದಳು.

"ನಿನ್ನ ಅಳಿಯ ಇವತ್ತು ನೀರಿನಲ್ಲೇ ಹೋಗಿಬಿಡುತ್ತಿದ್ದನಂತೆ! ಅಲ್ಲಾಹನು ಉಳಿಸಿದ. ಆ ಹುಚ್ಚು ಬಿಟ್ಟುಬಿಡು ಎಂದು ನೀನೇ ಅವನಿಗೆ ಹೇಳು. ನನ್ನ ಮಾತು ಅವನ ಕಿವಿಗೆ ಬೀಳುವುದಿಲ್ಲ" ಎಂದಳು.

ನಮ್ಮ ಹುಡುಗ ದುಡುಕಿನವನಲ್ಲ. ಮಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಗ, 2019ರ ಡಿಸೆಂಬರಿನಲ್ಲಿ, ಗೆಳೆಯರ ಜೊತೆ ಮುರ್ಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದ ಬಳಿ ಮೊದಲ ಸಲ ಸ್ಕೂಬಾ ಡೈವಿಂಗ್ ಮಾಡಿದ್ದ. ದಡದಿಂದ ಸುಮಾರು 19 ಕಿಲೋಮೀಟರ್ ದೂರದ ಆ ದ್ವೀಪವನ್ನು ಪಾರಿವಾಳಗಳ ದ್ವೀಪ ಎಂದೂ ಕರೆಯುತ್ತಾರೆ. ಮಳೆಗಾಲ ಬಿಟ್ಟರೆ ಅಲ್ಲಿನ ನೀರು ತಿಳಿಯಾಗಿರುತ್ತದೆ, 28 ಡಿಗ್ರಿಯ ಆಸುಪಾಸಿನಲ್ಲಿ ಬೆಚ್ಚಗಿರುತ್ತದೆ. ತೆಳ್ಳಗಿನ ಒಂದು ಸೂಟು, ಬೆನ್ನಿಗೊಂದು ಸಿಲಿಂಡರ್, ಕಣ್ಣಿಗೊಂದು ಮುಖಗವಸು - ಇಷ್ಟಿದ್ದರೆ ಬಣ್ಣಬಣ್ಣದ ಮೀನುಗಳ ಲೋಕ ತೆರೆದುಕೊಳ್ಳುತ್ತದೆ. ಕೋವಿಡ್ ಕಳೆದ ಮೇಲೆ ಅವನು ಕ್ರಮವಾಗಿ ತರಬೇತಿ ಪಡೆದು ಪ್ರಮಾಣಪತ್ರವನ್ನೂ ಗಳಿಸಿದ. ಅಂಡಮಾನಿಗೂ ಹೋಗಿ ಬಂದ. 2022ರಲ್ಲಿ ಎಂ.ಎಸ್ಸಿ. ಓದಲು ಇಂಗ್ಲೆಂಡಿಗೆ ಹೊರಟಾಗ ಅವನ ಲೆಕ್ಕದ ಪುಸ್ತಕದಲ್ಲಿ ಮೂವತ್ತಕ್ಕೂ ಮಿಕ್ಕಿ ಡೈವ್‌ಗಳಿದ್ದವು.

ಮೂವತ್ತು ಸಲ ಕಡಲಾಳಕ್ಕೆ ಇಳಿದು ಕ್ಷೇಮವಾಗಿ ಮೇಲೆ ಬಂದವನು ಒಂದು ಹಳೆಯ ಕಲ್ಲುಗಣಿಯ ನೀರಿನಲ್ಲಿ ಸಾವಿನ ಬಾಗಿಲಿಗೆ ಹೋದದ್ದು ಹೇಗೆ?

ಭಾನುವಾರ ಅವನನ್ನು ಕರೆದು ಕೇಳಿದೆ. ಗದರಿಸುವ ಮೊದಲು ಕೇಳಬೇಕು ಎಂಬುದು ಇಪ್ಪತ್ತು ವರ್ಷ ಪಾಠ ಹೇಳಿ ನಾನು ಕಲಿತದ್ದು. ಅವನು ಒಂದೂ ಮುಚ್ಚಿಡದೆ ಹೇಳಿದ.

"ನೀರು ಎಲ್ಲಿದ್ದರೂ ನೀರೇ ಎಂದುಕೊಂಡಿದ್ದೆ ಮಾಮು" ಎಂದ.

ಇಂಗ್ಲೆಂಡಿನಲ್ಲಿ ಕಲ್ಲು ತೆಗೆದು ಬಿಟ್ಟ ದೊಡ್ಡ ಗಣಿಗಳಲ್ಲಿ ನೀರು ತುಂಬಿಕೊಂಡಿರುತ್ತದೆ. ಡೈವಿಂಗ್ ಕಲಿಯುವವರಿಗೂ ಅಭ್ಯಾಸ ಮಾಡುವವರಿಗೂ ಅವೇ ಶಾಲೆ. ವಿಶ್ವವಿದ್ಯಾಲಯದ ಡೈವಿಂಗ್ ಸಂಘದವರು ಅಂಥದ್ದೊಂದು ಕಡೆಗೆ ಹೊರಟಿದ್ದರು. ನೀರಿನ ಉಷ್ಣತೆ 6 ಡಿಗ್ರಿ. ಜೊತೆಗಾರನಾಗಿ ಸಿಕ್ಕ ಹಿರಿಯ ಸದಸ್ಯರೊಬ್ಬರು, "ಮೊದಲ ಸಲ ಆರು ಮೀಟರಿನಲ್ಲೇ ಇರೋಣ, ನಿನಗೆ ಇದು ಹೊಸತು" ಎಂದರಂತೆ. ಇವನು ತನ್ನ ಮೂವತ್ತು ಡೈವ್‌ಗಳ ಲೆಕ್ಕ ಹೇಳಿದ. ಬಾಡಿಗೆಗೆ ತಂದ ಏಳು ಮಿಲಿಮೀಟರ್ ದಪ್ಪದ ವೆಟ್‌ಸೂಟ್ ತೊಟ್ಟಿದ್ದ. ಉಸಿರಾಟದ ರೆಗ್ಯುಲೇಟರ್ ಮಾತ್ರ ತನ್ನದೇ. ನಮ್ಮ ಕಡಲಿಗೆಂದು ಪ್ರೀತಿಯಿಂದ ಕೊಂಡು ಸೂಟ್‌ಕೇಸಿನಲ್ಲಿ ಹಾಕಿಕೊಂಡು ಹೋಗಿದ್ದು.

ನೀರಿಗೆ ಹಾರಿದ ಕ್ಷಣವೇ ಎದೆಗೆ ಯಾರೋ ಗುದ್ದಿದ ಹಾಗಾಯಿತಂತೆ. ಉಸಿರು ತಾನಾಗಿಯೇ ಒಳಗೆಳೆದುಕೊಂಡಿತು. ಮತ್ತೆ ಮತ್ತೆ ಎಳೆದುಕೊಂಡಿತು. ಹಣೆ ಒಡೆದುಹೋಗುವಂಥ ನೋವು. ಇದು ಈಗ ಸರಿಹೋಗುತ್ತದೆ ಎಂದುಕೊಂಡು ಕೆಳಗಿಳಿದ. ಹದಿನೆಂಟು ಮೀಟರ್ ತಲುಪುವಷ್ಟರಲ್ಲಿ ಬೆರಳುಗಳು ಇವೆಯೋ ಇಲ್ಲವೋ ತಿಳಿಯದಾಯಿತು. ಆಮೇಲೆ ಬಾಯಲ್ಲಿದ್ದ ರೆಗ್ಯುಲೇಟರ್ ಒಮ್ಮೆಲೇ ಬಿರುಗಾಳಿಯಂತೆ ಗಾಳಿ ಉಗುಳತೊಡಗಿತು. ಕಣ್ಣೆದುರು ಬರೀ ಗುಳ್ಳೆ. ಸಿಲಿಂಡರಿನ ಮುಳ್ಳು ನೋಡನೋಡುತ್ತಿದ್ದಂತೆ ಇಳಿಯುತ್ತಿತ್ತು.

ಜೊತೆಗಾರ ಎರಡು ಕೈ ದೂರದಲ್ಲಿದ್ದರು. ತಮ್ಮ ಹೆಚ್ಚುವರಿ ಉಸಿರು ನಳಿಗೆಯನ್ನು ಅವನ ಬಾಯಿಗಿಟ್ಟು, ಭುಜ ಹಿಡಿದುಕೊಂಡು, ಗಡಿಬಿಡಿ ಮಾಡದೆ ಎರಡು ನಿಮಿಷದಲ್ಲಿ ಮೇಲೆ ತಂದರು. ದಡದಲ್ಲಿ ಅವನಿಗೆ ಸೂಟಿನ ಜಿಪ್ ಎಳೆಯುವಷ್ಟೂ ಬೆರಳು ಮಡಚಲಿಲ್ಲ. ಬೇರೆಯವರು ಬಟ್ಟೆ ಬದಲಿಸಿದರು.

"ರಾತ್ರಿ ರೆಗ್ಯುಲೇಟರನ್ನು ತಿರುಗಿಸಿ ನೋಡಿದೆ ಮಾಮು. ಅದರ ಮೇಲೆಯೇ ಕೆತ್ತಿತ್ತು. 10 ಡಿಗ್ರಿಗಿಂತ ಹೆಚ್ಚು ಬೆಚ್ಚಗಿನ ನೀರಿಗೆ ಮಾತ್ರ ಎಂಬ ಗುರುತು. ಎರಡು ವರ್ಷ ನನ್ನ ಕೈಯಲ್ಲೇ ಇತ್ತು. ಒಮ್ಮೆಯೂ ಓದಿರಲಿಲ್ಲ."

ಆಮೇಲೆ ಗದರಿಸಲು ನನಗೆ ಮನಸ್ಸಾಗಲಿಲ್ಲ. ಬದಲಿಗೆ ಈ ವಿಷಯವನ್ನೇ ಹಿಡಿದು ಓದತೊಡಗಿದೆ. ಊರಿನ ಕೆರೆಯಲ್ಲಿ ಈಜು ಕಲಿತದ್ದು ಬಿಟ್ಟರೆ ನನಗೂ ನೀರಿಗೂ ದೊಡ್ಡ ಸಂಬಂಧವಿಲ್ಲ. ಆದರೆ ಇಂದು ನಮ್ಮ ಎಷ್ಟೋ ಮನೆಗಳ ಮಕ್ಕಳು ಕೊಲ್ಲಿ ದೇಶಗಳಲ್ಲೋ ನೇತ್ರಾಣಿಯಲ್ಲೋ ಡೈವಿಂಗ್ ಕಲಿತು, ಓದಿಗೋ ಕೆಲಸಕ್ಕೋ ಬ್ರಿಟನ್, ಐರ್‌ಲ್ಯಾಂಡ್, ಕೆನಡಾ ಎಂದು ಹೋಗುತ್ತಿದ್ದಾರೆ. ಪ್ರಮಾಣಪತ್ರ ಜೇಬಿನಲ್ಲಿರುತ್ತದೆ. ನೀರು ಮಾತ್ರ ಬೇರೆ.

ಚಳಿ ದೇಹಕ್ಕೆ ಏನು ಮಾಡುತ್ತದೆ?

ಗಾಳಿಗಿಂತ ನೀರು ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖವನ್ನು ಸಾಗಿಸುತ್ತದೆ. ನಮ್ಮ ದೇಹ 37 ಡಿಗ್ರಿ. ನೇತ್ರಾಣಿಯ 28 ಡಿಗ್ರಿ ನೀರು ಕೂಡ ಸದ್ದಿಲ್ಲದೆ ಶಾಖ ಕದಿಯುತ್ತಲೇ ಇರುತ್ತದೆ. ಒಂದು ಗಂಟೆ ಕಳೆದ ಮೇಲೆ ನಡುಕ ಬರುವುದು ಅದಕ್ಕೇ. ಆದರೆ 6 ಡಿಗ್ರಿಯ ನೀರಿಗೆ ಅಷ್ಟು ತಾಳ್ಮೆಯಿಲ್ಲ.

ಮೊದಲ ಪೆಟ್ಟು ಚರ್ಮಕ್ಕೆ. ಚಳಿಗಾಲದ ಫಜ್ರ್ ಹೊತ್ತಿನಲ್ಲಿ ವುಝೂ ಮಾಡುವಾಗ ಮೊದಲ ಬೊಗಸೆ ನೀರು ಮುಖಕ್ಕೆ ಬಿದ್ದೊಡನೆ ನಾವು 'ಹಾ' ಎಂದು ಉಸಿರೆಳೆದುಕೊಳ್ಳುವುದಿಲ್ಲವೇ? ಇಡೀ ಮೈ ಒಮ್ಮೆಲೇ ತಣ್ಣೀರಿಗೆ ಬಿದ್ದಾಗ ಅದೇ ಪ್ರತಿಕ್ರಿಯೆ ನೂರ್ಮಡಿಯಾಗುತ್ತದೆ. ಹೃದಯ ಓಡುತ್ತದೆ, ರಕ್ತದೊತ್ತಡ ಏರುತ್ತದೆ, ಉಸಿರು ಹತೋಟಿ ತಪ್ಪುತ್ತದೆ. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಪ್ರೊ. ಗಾರ್ಡನ್ ಗೀಸ್‌ಬ್ರೆಕ್ಟ್ ಅವರು ಇದಕ್ಕೊಂದು ನೆನಪಿಡುವ ಲೆಕ್ಕ ಹೇಳಿದ್ದಾರೆ: ಒಂದು, ಹತ್ತು, ಒಂದು. ಕಾಪಿಲ್ಲದೆ ಹಿಮದಂಥ ನೀರಿಗೆ ಬಿದ್ದವನಿಗೆ ಉಸಿರನ್ನು ಹತೋಟಿಗೆ ತರಲು ಒಂದು ನಿಮಿಷ, ಕೈಕಾಲು ಹೇಳಿದ ಮಾತು ಕೇಳುವುದು ಹತ್ತು ನಿಮಿಷ, ಶೀತದಿಂದ ಪ್ರಜ್ಞೆ ತಪ್ಪಲು ಒಂದು ಗಂಟೆ. ಸೂಟು ತೊಟ್ಟವನಿಗೆ ಈ ಅವಧಿಗಳು ಹಿಗ್ಗುತ್ತವೆ. ಆದರೆ ಕ್ರಮ ಅದೇ. ತಣ್ಣೀರಿನಲ್ಲಿ ಸಾಯುವವರೆಲ್ಲ ಮೈ ಹೆಪ್ಪುಗಟ್ಟಿ ಸಾಯುತ್ತಾರೆ ಎಂದು ನಾನೂ ತಿಳಿದಿದ್ದೆ. ಆ ಹಂತ ತಲುಪುವ ಮೊದಲೇ, ಉಸಿರು ತಪ್ಪಿಯೋ ಕೈ ಸೋತೋ ಮುಳುಗುವವರೇ ಹೆಚ್ಚು.

ಸಂತೋಷದ ಸಂಗತಿಯೆಂದರೆ ಮೊದಲ ಪೆಟ್ಟನ್ನು ದೇಹ ಕಲಿತುಕೊಳ್ಳುತ್ತದೆ. ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಪ್ರೊ. ಮೈಕ್ ಟಿಪ್ಟನ್ ಮತ್ತು ಸಂಗಡಿಗರ ಪ್ರಯೋಗಗಳಲ್ಲಿ, ತಣ್ಣೀರಿನಲ್ಲಿ ಎರಡು ಮೂರು ನಿಮಿಷಗಳ ಐದಾರು ಸಲದ ಮುಳುಗಿನಿಂದಲೇ ಆ ಆಘಾತ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದದ್ದು ಕಂಡುಬಂದಿದೆ. ಆರು ಮೀಟರಿನಲ್ಲೇ ಇರೋಣ ಎಂದ ಆ ಹಿರಿಯರ ಮಾತಿನಲ್ಲಿ ಎಷ್ಟು ತಿಳಿವಳಿಕೆ ಇತ್ತು ನೋಡಿ!

ಇನ್ನೊಂದು ಮಾತು. ಯುರೋಪಿನ ಚಳಿಯಲ್ಲಿ ನಾಲ್ಕು ಗುಟುಕು ಬ್ರಾಂದಿ ಮೈ ಬೆಚ್ಚಗಿಡುತ್ತದೆ ಎಂಬ ಮಾತನ್ನು ನಮ್ಮ ಹುಡುಗನಿಗೂ ಯಾರೋ ಹೇಳಿದ್ದರು. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಒಳಗಿನ ಶಾಖ ಹೊರಗೆ ಸೋರುವಾಗ ಬೆಚ್ಚಗಾದಂತೆ ಅನಿಸುತ್ತದೆ, ಅಷ್ಟೆ. ಬಿಸಿ ಚಹಾ ಸಾಕು.

ರೆಗ್ಯುಲೇಟರ್ ಹೆಪ್ಪುಗಟ್ಟಿದ್ದು ಏಕೆ?

ಸೈಕಲ್ ಟೈರಿನ ವಾಲ್ವ್ ಒತ್ತಿ ಗಾಳಿ ಬಿಟ್ಟು ನೋಡಿ. ಹೊರಬರುವ ಗಾಳಿ ತಣ್ಣಗಿರುತ್ತದೆ. ಅದುಮಿಟ್ಟ ಗಾಳಿ ಹಿಗ್ಗುವಾಗ ತಂಪಾಗುತ್ತದೆ. ಡೈವಿಂಗ್ ಸಿಲಿಂಡರಿನಲ್ಲಿ ಗಾಳಿ 200 ಬಾರ್ ಒತ್ತಡದಲ್ಲಿರುತ್ತದೆ, ಅಂದರೆ ನಮ್ಮ ಸುತ್ತಲಿನ ಗಾಳಿಯ ಇನ್ನೂರು ಪಟ್ಟು. ರೆಗ್ಯುಲೇಟರಿನ ಮೊದಲ ಭಾಗ ಅದನ್ನು ಸುತ್ತಲಿನ ನೀರಿನ ಒತ್ತಡಕ್ಕಿಂತ ಸುಮಾರು ಹತ್ತು ಬಾರ್ ಹೆಚ್ಚಿರುವಷ್ಟಕ್ಕೆ ಇಳಿಸುತ್ತದೆ. ಆ ಒಂದು ಸಣ್ಣ ಕೋಣೆಯಲ್ಲಿ ಗಾಳಿಯ ಉಷ್ಣತೆ ಸೊನ್ನೆಗಿಂತ ಎಷ್ಟೋ ಕೆಳಗೆ ಜಾರುತ್ತದೆ. ನೇತ್ರಾಣಿಯಲ್ಲಿ ಸುತ್ತಲಿನ ಬೆಚ್ಚಗಿನ ನೀರೇ ಲೋಹವನ್ನು ಕಾಯಿಸುತ್ತದೆ. 6 ಡಿಗ್ರಿ ನೀರಿಗೆ ಆ ಶಕ್ತಿಯಿಲ್ಲ. ಒಳಗಿನ ನೀರಹನಿ ಮಂಜುಗಡ್ಡೆಯಾಗಿ ವಾಲ್ವ್ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಗಾಳಿ ಹರಿಯುತ್ತದೆ, ಹರಿದಷ್ಟೂ ತಂಪಾಗುತ್ತದೆ, ತಂಪಾದಷ್ಟೂ ಮಂಜು ಬಲಿಯುತ್ತದೆ.

ಹೆದರಿದವನು ಜೋರಾಗಿ ಉಸಿರಾಡುತ್ತಾನೆ. ಜೋರಾಗಿ ಉಸಿರಾಡಿದರೆ ಹೆಚ್ಚು ಗಾಳಿ ಹರಿದು ರೆಗ್ಯುಲೇಟರ್ ಇನ್ನಷ್ಟು ತಣ್ಣಗಾಗುತ್ತದೆ. ಹೀಗೆ ಮನುಷ್ಯನ ಭಯವೂ ಲೋಹದ ಮಂಜೂ ಒಂದಕ್ಕೊಂದು ಕೈಜೋಡಿಸುತ್ತವೆ.

ತಣ್ಣೀರಿಗೆಂದೇ ಮಾಡಿದ ರೆಗ್ಯುಲೇಟರುಗಳಲ್ಲಿ ಒಳಯಂತ್ರಕ್ಕೆ ನೀರು ತಾಗದಂತೆ ಮುಚ್ಚಿರುತ್ತಾರೆ. ಯುರೋಪಿನ ಇಎನ್ 250 ಎಂಬ ಮಾನದಂಡದ ಪ್ರಕಾರ ಅವುಗಳನ್ನು 4 ಡಿಗ್ರಿ ನೀರಿನಲ್ಲಿ ಪರೀಕ್ಷಿಸುತ್ತಾರೆ. ಆ ಪರೀಕ್ಷೆಗೆ ಒಳಪಡದವುಗಳ ಮೇಲೆಯೇ ನಮ್ಮ ಹುಡುಗ ಓದದೆ ಬಿಟ್ಟ ಆ ಗುರುತಿರುವುದು. ಅಭ್ಯಾಸಗಳೂ ಬದಲಾಗಬೇಕು. ನಮ್ಮ ಕಡೆ ದೋಣಿಯಲ್ಲಿ ಕೂತು ನಾಲ್ಕು ಸಲ ಉಸಿರೆಳೆದು ರೆಗ್ಯುಲೇಟರ್ ಸರಿಯಿದೆಯೇ ಎಂದು ನೋಡುತ್ತಾರೆ. ಕೊರೆಯುವ ಚಳಿಯಲ್ಲಿ ಹಾಗೆ ಮಾಡಿದರೆ ಉಸಿರಿನ ತೇವ ಒಳಗೇ ಮಂಜಾಗಬಹುದು. ಆದ್ದರಿಂದ ಪರೀಕ್ಷೆಯನ್ನು ಬೆಚ್ಚಗಿನ ಜಾಗದಲ್ಲಿ ಮುಗಿಸಿ, ಬಾಯಿ ನೀರಿನೊಳಗೆ ಹೋದ ಮೇಲೆಯೇ ಉಸಿರಾಟ ಶುರು ಮಾಡುತ್ತಾರೆ. ಜಾಕೆಟ್ಟಿಗೆ ಗಾಳಿ ತುಂಬುವುದು, ಉಸಿರೆಳೆಯುವುದು ಎರಡನ್ನೂ ಒಟ್ಟಿಗೆ ಮಾಡುವುದಿಲ್ಲ. ಇಷ್ಟಾದರೂ ಗಾಳಿ ನುಗ್ಗತೊಡಗಿದರೆ ತುಟಿ ಬಿಗಿಯದೆ, ಹರಿಯುವ ಗಾಳಿಯಿಂದ ಬೇಕಾದಷ್ಟನ್ನೇ ಹೀರುತ್ತ ಮೇಲೆ ಬರಬೇಕು. ಇದನ್ನು ಮೊದಲ ತರಬೇತಿಯಲ್ಲೇ ಕಲಿಸಿರುತ್ತಾರೆ. ನಮ್ಮ ಹುಡುಗನಿಗೂ ಕಲಿಸಿದ್ದರು. ಬೆಚ್ಚಗಿನ ಈಜುಕೊಳದಲ್ಲಿ ಕಲಿತ ಪಾಠ 6 ಡಿಗ್ರಿಯಲ್ಲಿ ನೆನಪಿಗೆ ಬರಲಿಲ್ಲ.

ಒದ್ದೆ ಉಡುಪು, ಒಣ ಉಡುಪು

ಇನ್ನು ಉಡುಪಿನ ವಿಷಯ. ವೆಟ್‌ಸೂಟ್ ಎಂದರೆ ಹೆಸರೇ ಹೇಳುವಂತೆ ಒದ್ದೆಯಾಗುವ ಉಡುಪು. 1950ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್ ರೂಪಿಸಿದ್ದು. ಮೈಗೂ ರಬ್ಬರಿಗೂ ನಡುವೆ ತೆಳುವಾದ ನೀರಿನ ಪದರ ನಿಂತು ಬೆಚ್ಚಗಾಗುತ್ತದೆ ನಿಜ. ಆದರೆ ಚಳಿ ತಡೆಯುವುದು ಆ ರಬ್ಬರಿನೊಳಗಿನ ಲೆಕ್ಕವಿಲ್ಲದಷ್ಟು ಸಣ್ಣ ಗಾಳಿಗುಳ್ಳೆಗಳು. ಇಲ್ಲೇ ಒಂದು ತೊಡಕಿದೆ. ಹತ್ತು ಮೀಟರ್ ಆಳದಲ್ಲಿ ಒತ್ತಡ ಇಮ್ಮಡಿಯಾಗುತ್ತದೆ, ಗುಳ್ಳೆ ಅರ್ಧಕ್ಕೆ ಕುಗ್ಗುತ್ತದೆ. ಇಪ್ಪತ್ತು ಮೀಟರಿನಲ್ಲಿ ಮೂರನೇ ಒಂದು ಭಾಗ. ಅಂದರೆ ಚಳಿ ಹೆಚ್ಚಿದ ಆಳದಲ್ಲೇ ಉಡುಪು ತೆಳ್ಳಗಾಗುತ್ತದೆ! ತೇಲಿಸುವ ಗುಣವನ್ನೂ ಕಳೆದುಕೊಳ್ಳುತ್ತದೆ. ದಪ್ಪ ಸೂಟು ಮೇಲೆ ತುಂಬ ತೇಲುವುದರಿಂದ ಸೊಂಟಕ್ಕೆ ಸೀಸದ ತೂಕ ಹೆಚ್ಚು ಕಟ್ಟಿಕೊಂಡಿರುತ್ತಾರೆ. ಕೆಳಗೆ ಹೋದಾಗ ಅದೇ ತೂಕ ಕಲ್ಲಿನಂತೆ ಎಳೆಯುತ್ತದೆ. ತೆಳು ಸೂಟಿನಲ್ಲಿ ಈ ಏರುಪೇರು ಅಷ್ಟಾಗಿ ಅನುಭವಕ್ಕೆ ಬರುವುದಿಲ್ಲ.

ಡ್ರೈಸೂಟ್ ಬೇರೆಯೇ ಬಗೆ. ಕುತ್ತಿಗೆ, ಮಣಿಕಟ್ಟುಗಳಲ್ಲಿ ಬಿಗಿಯಾದ ರಬ್ಬರ್ ಪಟ್ಟಿ ಇದ್ದು ನೀರು ಒಳಬರುವುದಿಲ್ಲ. ಒಳಗೆ ದಪ್ಪನೆಯ ಬೆಚ್ಚನೆ ಬಟ್ಟೆ ತೊಡುತ್ತಾರೆ. ಆಳಕ್ಕೆ ಹೋದಂತೆ ಸೂಟು ಮೈಯನ್ನು ಹಿಂಡದಂತೆ ಸಿಲಿಂಡರಿನಿಂದ ಸ್ವಲ್ಪ ಸ್ವಲ್ಪ ಗಾಳಿ ಬಿಟ್ಟುಕೊಳ್ಳಬೇಕು, ಮೇಲೆ ಬರುವಾಗ ತೋಳಿನ ವಾಲ್ವಿನಿಂದ ಹೊರಬಿಡಬೇಕು. ಮರೆತರೆ? ಗಾಳಿ ಹಿಗ್ಗಿ ಬಲೂನಿನಂತೆ ಮೇಲಕ್ಕೆ ಹಾರಿಸುತ್ತದೆ. ತಲೆಕೆಳಗಾಗಿ ಈಜುವುದು ಬೆಚ್ಚಗಿನ ಕಡಲಿನಲ್ಲಿ ಮಕ್ಕಳಾಟ. ಡ್ರೈಸೂಟಿನಲ್ಲಿ ಹಾಗೆ ಮಾಡಿದರೆ ಗಾಳಿಯೆಲ್ಲ ಪಾದಗಳಿಗೆ ನುಗ್ಗಿ, ಕಾಲು ಮೇಲೆ ತಲೆ ಕೆಳಗೆ ಆಗಿ, ಹೊರಬಿಡುವ ವಾಲ್ವ್ ಕೆಳಗೇ ಉಳಿದುಬಿಡುತ್ತದೆ. ಮೊಣಕಾಲು ಎದೆಗೆಳೆದುಕೊಂಡು ಲಾಗ ಹಾಕಿ ನೆಟ್ಟಗಾಗುವುದನ್ನು ಈಜುಕೊಳದಲ್ಲಿ ಮತ್ತೆ ಮತ್ತೆ ಅಭ್ಯಾಸ ಮಾಡಿಸುತ್ತಾರೆ. ಗಡ್ಡದ ಬಗ್ಗೆ ಅಕ್ಕ ನನ್ನಲ್ಲಿ ಗುಟ್ಟಾಗಿ ಕೇಳಿದ್ದಳು. ಪಟ್ಟಿ ಕೂರುವುದು ಗಡ್ಡದ ಕೆಳಗೆ, ಕುತ್ತಿಗೆಯ ಮೇಲೆ. ಕೂದಲು ಅದರಡಿ ಸಿಕ್ಕಿದರೆ ನೀರು ಸೋರುತ್ತದೆ, ಹೊರಗೆ ಬಿಡಿಸಿಕೊಂಡರಾಯಿತು.

ತಲೆಗೆ ಬಿಗಿಯಾದ ರಬ್ಬರ್ ಟೋಪಿ, ಕೈಗೆ ದಪ್ಪ ಗವಸು ಬೇಕೇ ಬೇಕು. ಟೋಪಿ ಬರೀ ಚಳಿಗಲ್ಲ. ತಣ್ಣೀರು ಒಂದು ಕಿವಿಗೆ ಮೊದಲು ನುಗ್ಗಿದರೆ ಲೋಕವೇ ಸುತ್ತಿದಂತೆ ತಲೆ ತಿರುಗುತ್ತದೆ. ಗವಸು ಹಾಕಿದ ಬೆರಳಿಗೆ ಯಾವ ಗುಂಡಿ ಎಲ್ಲಿದೆ ಎಂದು ತಿಳಿಯುವುದಿಲ್ಲ. ಹಾಗಾಗಿ ಕಣ್ಣು ಮುಚ್ಚಿ ಮಾಡುತ್ತಿದ್ದ ಎಲ್ಲ ಕೆಲಸವನ್ನೂ ಹೊಸದಾಗಿ ಕಲಿಯಬೇಕು. ಬೇಸಿಗೆಯಲ್ಲಿ ಗಣಿಯ ಮೇಲಿನ ನೀರಿಗೆ ಕೈಯಿಟ್ಟು ಲೆಕ್ಕ ಹಾಕುವುದೂ ಮೋಸ. ನೀರು 4 ಡಿಗ್ರಿಯಲ್ಲಿ ಅತ್ಯಂತ ಭಾರ. ತಣ್ಣನೆಯದು ತಳದಲ್ಲೇ ಉಳಿಯುತ್ತದೆ. ಮೇಲೆ ಹಿತವಾಗಿದ್ದ ನೀರು ಹತ್ತು ಮೀಟರ್ ಕೆಳಗೆ ಗೆರೆ ಎಳೆದಂತೆ ಕೊರೆಯತೊಡಗುತ್ತದೆ.

ಹಿಂದಿನವರು ಹೇಗೆ ನಿಭಾಯಿಸಿದರು?

ರಬ್ಬರು, ಸಿಲಿಂಡರು ಏನೂ ಇಲ್ಲದ ಕಾಲದಲ್ಲಿ ಕೊಲ್ಲಿಯ ಅರಬರು ಮುತ್ತಿಗಾಗಿ ಉಸಿರು ಬಿಗಿಹಿಡಿದು ಮುಳುಗುತ್ತಿದ್ದರು. 14ನೇ ಶತಮಾನದ ಪ್ರವಾಸಿ ಇಬ್ನ್ ಬತೂತಾ ಅವರ ಆಮೆಚಿಪ್ಪಿನ ಮುಖಗವಸನ್ನೂ ಮೂಗು ಹಿಡಿಯುವ ಕತ್ತರಿಯಂಥ ಸಾಧನವನ್ನೂ ವರ್ಣಿಸಿದ್ದಾನೆ. ಅರಬಿಯಲ್ಲಿ ಮುಳುಗುವುದಕ್ಕೆ ಗೌಸ್ ಎನ್ನುತ್ತಾರೆ. ದೊಡ್ಡ ಗೌಸ್ ನಡೆಯುತ್ತಿದ್ದುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಸುಡುಬೇಸಿಗೆಯಲ್ಲಿ. ಅದಕ್ಕೆ ಮುಂಚೆ ವಸಂತದಲ್ಲಿ ನಡೆಯುವ ಚಿಕ್ಕ ಅವಧಿಯ ಮುಳುಗಿಗೆ ಅವರು ಬೇರೆಯೇ ಹೆಸರಿಟ್ಟಿದ್ದರು - ಗೌಸ್ ಅಲ್ ಬಾರಿದ್, ಎಂದರೆ ತಣ್ಣನೆಯ ಮುಳುಗು. ಒಂದೇ ಕಡಲು, ಅದೇ ಮುತ್ತು, ಅದೇ ಜನ. ನೀರು ತಣ್ಣಗಿದ್ದಾಗ ಕೆಲಸದ ಹೆಸರೂ ಅವಧಿಯೂ ಬೇರೆ! ಮದ್ರಸಾದಲ್ಲಿ 'ಬಾರಿದ್' ಎಂಬ ಪದವನ್ನು ವುಝೂವಿನ ನೀರಿನ ಪಾಠದಲ್ಲಿ ಓದಿದ್ದೆ. ಇಲ್ಲಿ ಸಿಕ್ಕಾಗ ಹಳೆಯ ಗೆಳೆಯ ಸಿಕ್ಕಿದಂತಾಯಿತು.

ಕೊರಿಯಾದ ಜೇಜು ದ್ವೀಪದ ಹೆಂಗಸರ ಕತೆ ಇನ್ನೂ ಆಶ್ಚರ್ಯದ್ದು. ಹೆನ್ಯೊ ಎಂದು ಕರೆಯಲ್ಪಡುವ ಈ ತಾಯಂದಿರು ಸಂಸಾರ ಸಾಗಿಸಲು ಚಳಿಗಾಲದಲ್ಲೂ 10 ಡಿಗ್ರಿಯ ಆಸುಪಾಸಿನ ಕಡಲಿಗೆ ಬರೀ ಹತ್ತಿಬಟ್ಟೆಯಲ್ಲಿ ಇಳಿಯುತ್ತಿದ್ದರು. ಸ್ವಲ್ಪ ಹೊತ್ತು ಮುಳುಗಿ, ದಡದ ಬೆಂಕಿಯ ಮುಂದೆ ಮೈ ಕಾಯಿಸಿಕೊಂಡು, ಮತ್ತೆ ಇಳಿಯುತ್ತಿದ್ದರು. 1960ರ ದಶಕದಲ್ಲಿ ಸುಕ್ ಕಿ ಹಾಂಗ್ ಮತ್ತು ಹರ್ಮನ್ ರಾನ್ ಎಂಬ ವಿಜ್ಞಾನಿಗಳು ಇವರನ್ನು ಅಧ್ಯಯನ ಮಾಡಿದಾಗ, ಚಳಿಗಾಲದಲ್ಲಿ ಇವರ ದೇಹ ಸುಮ್ಮನೆ ಮಲಗಿದ್ದಾಗಲೂ ಸುಮಾರು ಶೇ. 30ರಷ್ಟು ಹೆಚ್ಚು ಶಾಖ ಉತ್ಪಾದಿಸುತ್ತಿದ್ದುದು ಕಂಡುಬಂತು. 1970ರ ದಶಕದಲ್ಲಿ ರಬ್ಬರ್ ಸೂಟುಗಳು ಬಂದವು. ದುಡಿಮೆಯ ಹೊತ್ತು ಹೆಚ್ಚಿತು, ಕಷ್ಟ ಕಡಿಮೆಯಾಯಿತು. 1980ರ ದಶಕದ ಆರಂಭದಲ್ಲಿ ಮತ್ತೆ ಅಳೆದು ನೋಡಿದರೆ ಆ ವಿಶೇಷ ಗುಣ ಮಾಯವಾಗಿತ್ತು. ಕಲಿತ ದೇಹ ಅಷ್ಟೇ ಸಹಜವಾಗಿ ಮರೆತೂ ಬಿಟ್ಟಿತು. 2016ರಲ್ಲಿ ಯುನೆಸ್ಕೋ ಇವರ ಸಂಸ್ಕೃತಿಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಇಂದು ನೀರಿಗಿಳಿಯುವವರಲ್ಲಿ ಹೆಚ್ಚಿನವರು ಅಜ್ಜಿಯರು.

ಮೇಲೆ ಬಂದ ಮೇಲೂ ಅಪಾಯ ಪೂರ್ತಿ ಕಳೆಯುವುದಿಲ್ಲ. ಆಳದಲ್ಲಿ ಉಸಿರಾಡಿದ ಗಾಳಿಯ ಸಾರಜನಕ ರಕ್ತದಲ್ಲಿ ಕರಗಿರುತ್ತದೆ. ನಿಧಾನವಾಗಿ ಹೊರಹೋಗದಿದ್ದರೆ ಗುಳ್ಳೆಗಟ್ಟಿ ಕೀಲುನೋವಿನಿಂದ ಪಾರ್ಶ್ವವಾಯುವಿನವರೆಗೆ ಏನೂ ಆಗಬಹುದು. ಅಮೆರಿಕ ನೌಕಾಪಡೆಯ ಪ್ರಾಯೋಗಿಕ ಡೈವಿಂಗ್ ಘಟಕದ 2007ರ ವರದಿಯ ಪ್ರಕಾರ, ಆಳದಲ್ಲಿ ಬೆಚ್ಚಗಿದ್ದು ಮೇಲೆ ಬರುವಾಗ ಚಳಿಯಾಗುವುದೇ ಹೆಚ್ಚು ಕೆಟ್ಟದ್ದು. ಬೆಚ್ಚಗಿದ್ದಾಗ ಹರಿದ ರಕ್ತ ಸಾರಜನಕವನ್ನು ತುಂಬುತ್ತದೆ, ಚಳಿಯಲ್ಲಿ ನಾಳ ಕುಗ್ಗಿ ಅದು ಹೊರಹೋಗಲಾರದು. ವೆಟ್‌ಸೂಟ್ ತೊಟ್ಟವನಿಗೆ ಸಾಮಾನ್ಯವಾಗಿ ಆಗುವುದು ಇದೇ ಅಲ್ಲವೇ? ಆದ್ದರಿಂದ ತಣ್ಣೀರಿನವರು ಹೊತ್ತನ್ನು ಮೊಟಕುಗೊಳಿಸುತ್ತಾರೆ, ಏರುವುದನ್ನು ನಿಧಾನಗೊಳಿಸುತ್ತಾರೆ. ಬಂದೊಡನೆ ಬಿಸಿಬಿಸಿ ನೀರಿನ ಸ್ನಾನಕ್ಕೆ ಓಡುವುದಿಲ್ಲ. ಚಳಿಯಲ್ಲಿ ಮೂತ್ರ ಹೆಚ್ಚು ಎಂದು ಕೆಲವರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಅದು ತಪ್ಪು.

ಅಕ್ಕ ಹೇಳಿದಂತೆ 'ಬಿಟ್ಟುಬಿಡು' ಎಂದು ನಾನು ಹುಡುಗನಿಗೆ ಹೇಳಲಿಲ್ಲ. "ಹೊಸಬನಂತೆ ಮೊದಲಿನಿಂದ ಕಲಿಯುತ್ತೀಯಾದರೆ ಮುಂದುವರಿಸು, ಇಲ್ಲದಿದ್ದರೆ ಅಮ್ಮನ ಮಾತು ಕೇಳು" ಎಂದೆ. ಅಕ್ಕ ಒಂದು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಅವನು ಡ್ರೈಸೂಟಿನ ತರಬೇತಿಗೆ ಸೇರಿದ. ಅದೇ ಹಿರಿಯರ ಜೊತೆ ಅದೇ ಗಣಿಯ ಆರು ಮೀಟರಿನಲ್ಲಿ ಹಲವು ವಾರ ಸುಮ್ಮನೆ ಕೂತು ಏಳುವುದನ್ನೇ ಮಾಡಿದ. ಬೆರಳು ಮರಗಟ್ಟಿದರೆ ಹೆಬ್ಬೆರಳು ಮೇಲೆತ್ತಿ ಡೈವ್ ಮುಗಿಸುವುದು ಅವರಿಬ್ಬರ ಒಪ್ಪಂದ. ಎರಡು ಸಲ ಹಾಗೆ ಮುಗಿಸಿದ. ಆ ಎರಡನ್ನೂ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ. 2024ರ ಬೇಸಿಗೆಯಲ್ಲಿ ಸ್ಕಾಟ್‌ಲ್ಯಾಂಡಿನ ಆಚೆಗಿರುವ ಸ್ಕಾಪಾ ಫ್ಲೋ ಎಂಬ ಕೊಲ್ಲಿಗೆ ಹೋದ. ಮೊದಲ ಮಹಾಯುದ್ಧದ ಬಳಿಕ, 1919ರ ಜೂನ್ 21ರಂದು, ಅಲ್ಲಿ ಸೆರೆಯಲ್ಲಿದ್ದ ಜರ್ಮನ್ ನೌಕಾಪಡೆಯವರು ತಮ್ಮ ಹಡಗುಗಳನ್ನು ತಾವೇ ಮುಳುಗಿಸಿದ್ದರು. 74ರಲ್ಲಿ 52 ಮುಳುಗಿದವು. ಹೆಚ್ಚಿನವನ್ನು ಆಮೇಲೆ ಎತ್ತಿದರೂ ಕೆಲವು ದೊಡ್ಡ ಹಡಗುಗಳು ಇನ್ನೂ ತಳದಲ್ಲಿವೆ. "ಹಸಿರು ಕತ್ತಲೆಯಲ್ಲಿ ಮನೆಗಿಂತ ದೊಡ್ಡ ಗೋಡೆಯೊಂದು ಎದುರು ಬಂತು ಮಾಮು, ಅದು ಹಡಗು" ಎಂದು ಬರೆದಿದ್ದ. ಜೊತೆಗೆ ಕಳಿಸಿದ ಚಿತ್ರವನ್ನು ಅಕ್ಕ ಬಹಳ ಹೊತ್ತು ನೋಡಿ ಒಂದೇ ಪ್ರಶ್ನೆ ಕೇಳಿದಳು: "ಟೋಪಿ ಹಾಕಿದ್ದಾನಲ್ಲ?"

ಆ ವರ್ಷದ ಡಿಸೆಂಬರಿನಲ್ಲಿ ರಜೆಗೆ ಬಂದವನು ಮತ್ತೆ ನೇತ್ರಾಣಿಗೆ ಹೊರಟ. ನಾನೂ ದೋಣಿಯಲ್ಲಿ ಹೋಗಿದ್ದೆ. ಹನ್ನೆರಡು ಕಿಲೋ ಸೀಸ ಕೊಡಿ ಎಂದು ಕೇಳಿದ. ತೂಕ ಕೊಡುವ ಹುಡುಗ ಇವನ ತೆಳು ಸೂಟನ್ನೂ ಮುಖವನ್ನೂ ನೋಡಿ, "ಸರ್, ಕೆಳಗೇ ಇದ್ದುಬಿಡ್ತೀರಾ?" ಎಂದು ನಗುತ್ತ ನಾಲ್ಕು ಕಿಲೋ ಕಟ್ಟಿದ. ಅಕ್ಕ ದೊಡ್ಡ ಫ್ಲಾಸ್ಕಿನಲ್ಲಿ ಶುಂಠಿ ಚಹಾ ತುಂಬಿಸಿ ಕಳಿಸಿದ್ದಳು. 28 ಡಿಗ್ರಿ ನೀರಿನಿಂದ ಎದ್ದು ಬಂದವನಿಗೆ ಅದು ಬೇಕಿರಲಿಲ್ಲ. ದೋಣಿಯವರು ಕುಡಿದರು.